ಮಗಳಿಗೆ ‘ಕಿಯಾರಾ’ ಅಂತ ಹೆಸರಿಡೋಣ ಅಂತಿದ್ದೇವೆ. ಇದರ ಅರ್ಥ ನಿಜಕ್ಕೂ ಏನು?

ತೊಟ್ಟಿಲ ಗಲಾಟೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮಗೆ ಹೆಣ್ಣು ಮಗು ಹುಟ್ಟಿದೆ. ಮೃಗಶಿರ ನಕ್ಷತ್ರ, ನಾಲ್ಕನೇ ಪಾದ. ಪುರೋಹಿತರು ‘ಕಿ’ ಅಕ್ಷರ ಬಂದಿದೆ ಅಂದರು. ಅವರು ಪಂಚಾಂಗ ಮಡಿಚುವ ಮೊದಲೇ ನನ್ನ ಹೆಂಡತಿ ‘ಕಿಯಾರಾ’ ಅಂದಳು. ನನಗೂ ಹಿಡಿಸಿತು. ಅವಳ ಅಣ್ಣ ಇರೋದು ಇಟಲಿಯಲ್ಲಿ. ಅಲ್ಲೂ ಈ ಹೆಸರು ಇದೆಯಂತೆ.

ತಕರಾರು ನಮ್ಮಮ್ಮನದು. “ಮೊದಲು ಅರ್ಥ ಹೇಳು, ಆಮೇಲೆ ಹೆಸರಿಡು” ಅಂತ ಕೂತುಬಿಟ್ಟಿದ್ದಾರೆ. ಸರಿ, ನೋಡಿ ಹೇಳ್ತೀನಿ ಅಂತ ಫೋನ್ ತೆಗೆದೆ. ಒಂದು ಕಡೆ ‘ಬೆಳಕು’ ಅಂತಿದೆ. ಇನ್ನೊಂದು ಕಡೆ ‘ಕಪ್ಪು ಕೂದಲಿನವಳು’. ಮತ್ತೊಂದರಲ್ಲಿ ‘ಸಂಸ್ಕೃತ ಮೂಲ, ರಾಜಕುಮಾರಿ’. ಇನ್ನೂ ಕೆಳಗೆ ಹೋದರೆ ‘ದೇವರು ಕೊಟ್ಟ ಕಾಣಿಕೆ’. ಒಂದೇ ಹೆಸರಿಗೆ ಬೆಳಕು, ಕಪ್ಪು ಎರಡೂ ಅರ್ಥ ಇರೋಕೆ ಹೇಗೆ ಸಾಧ್ಯ? ಗೊತ್ತಿರುವವರು ಹೇಳಿ. ನಾಮಕರಣ ಹತ್ತಿರ ಬರ್ತಿದೆ.

---

ಮೈಸೂರು ಮೇಷ್ಟ್ರು

ಸಂಸ್ಕೃತದ ಕಥೆ ಮೊದಲು ಮುಗಿಸಿಬಿಡೋಣ. ‘ಕಿಯಾರಾ’ ಸಂಸ್ಕೃತ ಪದ ಅಲ್ಲ. ಯಾವ ಧಾತುವಿನಿಂದಲೂ ಅದನ್ನು ಬಿಡಿಸಿ ತೋರಿಸೋಕೆ ಆಗಲ್ಲ. ‘ರಾಜಕುಮಾರಿ’ ಅನ್ನೋದು ಮಕ್ಕಳ ಹೆಸರಿನ ತಾಣಗಳ ಮಾಮೂಲಿ ಉತ್ತರ. ಅರ್ಥ ಸಿಗದ ಹೆಸರು ಹುಡುಗಿಯದಾದರೆ ರಾಜಕುಮಾರಿ, ಹುಡುಗನದಾದರೆ ಶಿವ ಅಥವಾ ವಿಷ್ಣು. ಒಬ್ಬರು ಬರೆದಿದ್ದನ್ನು ಹತ್ತು ಜನ ನಕಲು ಮಾಡ್ತಾರೆ, ಆಮೇಲೆ ಅದೇ ಪ್ರಮಾಣ ಆಗಿಬಿಡುತ್ತದೆ.

ಸಂಸ್ಕೃತದ್ದೇ ಬೇಕು ಅಂದರೆ ‘ಕಿ’ಗೆ ಬರ ಇಲ್ಲ. ಕಿನ್ನರಿ, ಕಿಶೋರಿ, ಕಿರಣ, ಕಿಂಶುಕ. ಕಿಂಶುಕ ಅಂದರೆ ನಮ್ಮ ಮುತ್ತುಗದ ಹೂವು. ದೀರ್ಘವೂ ನಡೆಯುತ್ತದೆ ಅಂತ ನಿಮ್ಮ ಪುರೋಹಿತರು ಒಪ್ಪಿದರೆ ಕೀರ್ತಿ ಇದೆ, ಕೀರವಾಣಿ ಇದೆ.

---

ಡಬ್ಲಿನ್ ಕಿರಣ

ಆ ‘ಕಪ್ಪು’ ಎಲ್ಲಿಂದ ಬಂತು ಅಂತ ನಾನು ಹೇಳ್ತೀನಿ. ಐರಿಷ್ ಭಾಷೆಯಲ್ಲಿ ‘ಕಿಯರ್’ ಅಂದರೆ ಕಪ್ಪು, ಕಡುಗಪ್ಪು. ಹೆಚ್ಚಾಗಿ ಕೂದಲು, ಕಣ್ಣಿನ ಬಣ್ಣಕ್ಕೆ ಹೇಳುವ ಮಾತು. ಅದರ ಹೆಣ್ಣು ರೂಪ ‘ಕೀರಾ’. ಬರೆಯೋದು ಸಿ ಐ ಎ ಆರ್ ಎ ಅಂತ. ಐರಿಷ್‌ನ ಹಳೇ ಅಕ್ಷರಮಾಲೆಯಲ್ಲಿ ಇರೋದೇ 18 ಅಕ್ಷರ, ಅದರಲ್ಲಿ ‘ಕೆ’ ಇಲ್ಲ. ಆ ಕೆಲಸ ‘ಸಿ’ ಮಾಡುತ್ತದೆ. ಇಲ್ಲಿ ಇದು ತುಂಬಾ ಸಾಮಾನ್ಯ ಹೆಸರು. ನಮ್ಮ ಆಫೀಸಿನಲ್ಲೇ ಇಬ್ಬರು ಇದ್ದಾರೆ. ಐರ್ಲೆಂಡಿನ ನೈರುತ್ಯ ಮೂಲೆಯ ಕೆರ್ರಿ ಕೌಂಟಿಯ ಹೆಸರೂ ಇದೇ ಬೇರಿನದು. ‘ಕಿಯರ್’ ಎನ್ನುವವನ ವಂಶದವರ ನಾಡು ಅಂತ. 2020ರ ಫೆಬ್ರವರಿಯಲ್ಲಿ ಇಲ್ಲಿ ಹೊಡೆದ ದೊಡ್ಡ ಬಿರುಗಾಳಿಗೂ ಇದೇ ಹೆಸರಿಟ್ಟಿದ್ದರು.

ನನ್ನ ಕಥೆ ಇನ್ನೂ ಮಜವಾಗಿದೆ. ಈ ಹೆಸರಿನ ಗಂಡು ರೂಪ ‘ಕೀರನ್’, ಅಂದರೆ ‘ಪುಟ್ಟ ಕರಿಯ’. ಆ ಹೆಸರಿನ ಸಂತರು ಇಲ್ಲಿ ಹಲವರು. ಶ್ಯಾನನ್ ನದಿ ದಂಡೆಯ ಕ್ಲಾನ್‌ಮಕ್‌ನಾಯ್ಸ್ ಮಠ ಕಟ್ಟಿದ್ದು ಅವರಲ್ಲಿ ಒಬ್ಬರು, ಆರನೇ ಶತಮಾನದಲ್ಲಿ. ನನ್ನ ಹೆಸರು ಕಿರಣ್ ಅಂದ ತಕ್ಷಣ ಇಲ್ಲಿಯವರಿಗೆ ಕೇಳಿಸೋದು ಆ ಕೀರನ್. ಕಾಫಿ ಅಂಗಡಿಯಲ್ಲಿ ಕಪ್ಪಿನ ಮೇಲೆ ಹಾಗೇ ಬರೀತಾರೆ. ನಮ್ಮಪ್ಪ ಬೆಳಕಿನ ಕಿರಣ ಅಂತ ಇಟ್ಟ ಹೆಸರು ಇಲ್ಲಿ ಕರಿಯ ಆಗಿ ಓಡಾಡ್ತಿದೆ. ನನಗೇನೂ ಬೇಜಾರಿಲ್ಲ, ಹೆಸರನ್ನು ಯಾರೂ ಎರಡು ಸಲ ಕೇಳಲ್ಲ ಅನ್ನೋದೇ ದೊಡ್ಡ ಲಾಭ.

---

ತೊಟ್ಟಿಲ ಗಲಾಟೆ

ಕಿರಣ್ ಅವರೇ, ಧನ್ಯವಾದ. ಆದರೆ ಕೆಲಸ ಕೆಟ್ಟಿತು. ನಿಮ್ಮ ಪೋಸ್ಟನ್ನು ಅಮ್ಮನಿಗೆ ಓದಿ ಹೇಳಿದೆ. “ಹುಟ್ಟಿದ ಮಗುವಿಗೆ ಕರಿಯಮ್ಮ ಅಂತ ಇಡ್ತೀರಾ?” ಅಂತ ಈಗ ಇನ್ನೊಂದು ಸುತ್ತು ಶುರು ಆಗಿದೆ.

---

ಹುಬ್ಬಳ್ಳಿ ಅಕ್ಕ

ಕರಿಯಮ್ಮ ಅಂದರೆ ಏನು ಕಡಿಮೆ ರೀ? ಎಷ್ಟು ಊರಿನ ಗ್ರಾಮದೇವತೆ ಅವಳು! ಕೃಷ್ಣ ಅಂದರೂ ಕಪ್ಪೇ. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ನಮ್ಮ ಕಡೆಯ ದೊಡ್ಡ ಹೊಳೆಯ ಹೆಸರೂ ಕೃಷ್ಣೆ. ಶ್ಯಾಮಲಾ ಅಂದರೇನು, ಕಾಳಿ ಅಂದರೇನು? ಕೊಡಗಿನ ಕಾರಿಯಪ್ಪನವರು ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕ ಆದರು. ಅವರ ಹೆಸರಿನ ಮುಂದೆ ಯಾರಾದರೂ ಮೂಗು ಮುರಿದರಾ? ಕರಿಬಸಪ್ಪ, ಕಾಳೇಗೌಡ, ಕರಿಯಣ್ಣ ಇಲ್ಲದ ತಾಲ್ಲೂಕು ಒಂದಿದ್ದರೆ ತೋರಿಸಿ.

ಹೊಳೆಯುವ ಹೆಸರೇ ಬೇಕು, ಕಪ್ಪು ಬೇಡ ಅನ್ನೋದು ಈಚಿನ ಚಾಳಿ. ಫೇರ್‌ನೆಸ್ ಕ್ರೀಮ್ ಬಂದ ಮೇಲೆ ಜಾಸ್ತಿ ಆಯ್ತು ಅಂತ ನನ್ನ ಅನಿಸಿಕೆ. ನಿಮ್ಮ ತಾಯಿಗೆ ಹೇಳಿ, ಕೃಷ್ಣನ ತಂಗಿ ಅಂದುಕೊಳ್ಳಲಿ.

---

ಟ್ಯೂರಿನ್‌ನಲ್ಲಿ ದೋಸೆ

ಈ ‘ಕೆ’ಯಿಂದ ಬರೆಯುವ ಕಿಯಾರಾಗೂ ಐರಿಷ್ ಕೀರಾಗೂ ನೇರ ಸಂಬಂಧ ಹುಡುಕಬೇಕಾಗಿಲ್ಲ ಅಂತ ನನ್ನ ಲೆಕ್ಕ. ಇಟಾಲಿಯನ್‌ನಲ್ಲಿ ಬೇರೆಯೇ ಬೇರಿನ ಒಂದು ಹೆಸರಿದೆ. ಬರೆಯೋದು ಸಿ ಎಚ್ ಐ ಎ ಆರ್ ಎ. ‘ಚ’ ಅಲ್ಲ, ಇಲ್ಲಿ ಸಿ ಎಚ್ ಅಂದರೆ ‘ಕ’. ‘ಕಿಯಾ’ ಅನ್ನೋದನ್ನು ಬೇಗ, ಒಂದೇ ಉಸಿರಿಗೆ ಹೇಳಿ ‘ರ’ ಸೇರಿಸಿದರೆ ಇಲ್ಲಿಯವರ ಉಚ್ಚಾರ ಬರುತ್ತದೆ. ಮೂಲ ಲ್ಯಾಟಿನ್‌ನ ‘ಕ್ಲಾರುಸ್’. ಬೆಳಗುವ, ತಿಳಿಯಾದ, ಹೆಸರುವಾಸಿಯಾದ ಅಂತೆಲ್ಲ ಅರ್ಥ. ಇಟಾಲಿಯನ್‌ನಲ್ಲಿ ‘ಕಿಯಾರೊ’ ಇವತ್ತಿಗೂ ದಿನಬಳಕೆಯ ಮಾತು. ಆಕಾಶ ತಿಳಿಯಾಗಿದ್ದರೂ ಹಾಗೇ ಅಂತಾರೆ, ಹೇಳಿದ್ದು ಅರ್ಥ ಆಯ್ತಾ ಅಂತ ಕೇಳೋಕೂ ಅದೇ. ನಮ್ಮ ಪ್ರೊಫೆಸರ್ ಒಂದು ಕ್ಲಾಸಿನಲ್ಲಿ ಅದನ್ನು ಎಷ್ಟು ಸಲ ಕೇಳ್ತಾರೋ! ನಮ್ಮ ಬೆಂಚಿನ ಕಿಯಾರಾ ಪ್ರತಿ ಸಲ ತಲೆ ಎತ್ತುತ್ತಾಳೆ.

ಚಿತ್ರಕಲೆ ಓದಿದವರಿಗೆ ‘ಕಿಯಾರೊಸ್ಕೂರೊ’ ಗೊತ್ತಿರುತ್ತದೆ. ಬೆಳಕು, ಕತ್ತಲೆ ಎರಡನ್ನೂ ಎದುರುಬದುರು ನಿಲ್ಲಿಸಿ ಬಿಡಿಸುವ ರೀತಿ. ಕಾರವಾಜೊ ಅದರಲ್ಲಿ ಪಳಗಿದ ಕೈ. ಅಂದರೆ ಇಟಲಿಯಲ್ಲಿ ಕಿಯಾರಾ ಬೆಳಕಿನ ಕಡೆಯವಳು, ಐರ್ಲೆಂಡಿನಲ್ಲಿ ಕತ್ತಲೆಯ ಕಡೆಯವಳು. ಬೇರು ಎರಡು. ಇಂಗ್ಲಿಷ್ ಮಾತಾಡುವವರ ಬಾಯಲ್ಲಿ, ಆಮೇಲೆ ನಮ್ಮ ಬಾಯಲ್ಲಿ, ಎರಡೂ ಕಲಸಿಹೋದವು.

---

ಕುಡ್ಲದ ಕೊಂಕಣಿ

ಇಟಲಿಯ ಆ ಹೆಸರು ಮಂಗಳೂರಿಗೆ ಯಾವತ್ತೋ ಬಂದಿದೆ. ನಮ್ಮಲ್ಲಿ ಅದು ‘ಕ್ಲಾರಾ’. ನಮ್ಮ ಇಗರ್ಜಿಯಲ್ಲಿ ಕ್ಲಾರಾ ಅಂದರೆ ಕನಿಷ್ಠ ಅರುವತ್ತು ದಾಟಿದ ಬಾಯಮ್ಮ ಅಂತ ಕಣ್ಣು ಮುಚ್ಚಿ ಹೇಳಬಹುದು. ಇಂಗ್ಲಿಷಿನ ಕ್ಲೇರ್, ನಮ್ಮ ಕ್ಲಾರಾ, ಇಟಲಿಯ ಕಿಯಾರಾ ಮೂವರೂ ಒಬ್ಬಳೇ. ಅಜ್ಜಿಯ ಹೆಸರನ್ನೇ ಇಂದಿನ ದಂಪತಿಗಳು ಹೊಸ ಹೆಸರು ಅಂತ ಇಡ್ತಿದ್ದಾರೆ.

ಇದಕ್ಕೆಲ್ಲ ಮೂಲ ಅಸ್ಸಿಸಿಯ ಸಂತ ಕ್ಲಾರಾ. ಹುಟ್ಟಿದ್ದು 1194ರಲ್ಲಿ, ತೀರಿಕೊಂಡಿದ್ದು 1253ರ ಆಗಸ್ಟ್ 11ರಂದು. ತಾಯಿ ಗರ್ಭಿಣಿ ಆಗಿದ್ದಾಗ ಹೆರಿಗೆ ಸುಸೂತ್ರ ಆಗಲಿ ಅಂತ ಪ್ರಾರ್ಥಿಸುತ್ತಿದ್ದಳಂತೆ. ‘ಲೋಕಕ್ಕೆ ಬೆಳಕಾಗುವ ಮಗು ಹುಟ್ಟುತ್ತದೆ’ ಎಂಬ ಮಾತು ಕೇಳಿಸಿತಂತೆ. ಅದಕ್ಕೇ ಆ ಹೆಸರು ಅಂತ ಪ್ರತೀತಿ. ಸಿರಿವಂತರ ಮನೆ ಹುಡುಗಿ, ಸಂತ ಫ್ರಾನ್ಸಿಸ್ಸರ ಹಿಂದೆ ಹೊರಟು ಕೂದಲು ಕತ್ತರಿಸಿಕೊಂಡು ಸನ್ಯಾಸಿನಿ ಆದಳು.

ಇನ್ನೊಂದು ವಿಷಯ, ನಿಮ್ಮ ತಾಯಿಗೆ ಇಷ್ಟ ಆಗಬಹುದು. ಕೊನೆಗಾಲದಲ್ಲಿ ಆಕೆ ಹಾಸಿಗೆ ಹಿಡಿದಿದ್ದಳು, ಪೂಜೆಗೆ ಹೋಗೋಕೆ ಆಗ್ತಿರಲಿಲ್ಲ. ಚರ್ಚಿನಲ್ಲಿ ನಡೆಯುತ್ತಿದ್ದ ಬಲಿಪೂಜೆ (ಮಾಸ್) ಮಲಗಿದ್ದಲ್ಲಿಗೇ ಕಾಣಿಸಿತು, ಕೇಳಿಸಿತು ಅಂತ ಹೇಳ್ತಾರೆ. ಅದನ್ನೇ ಹಿಡಿದು ಹನ್ನೆರಡನೇ ಪಯಸ್ ಪೋಪರು 1958ರಲ್ಲಿ ಆಕೆಯನ್ನು ಟೆಲಿವಿಷನ್ನಿನ ಪಾಲಕ ಸಂತೆ ಅಂತ ಸಾರಿದರು. ಸುಳ್ಳಲ್ಲ!

---

ಅರ್ಧ ಚಹಾ

ಟೀವಿಗೂ ಒಬ್ಬ ಸಂತೆ! ಕೇಬಲ್ ಹೋದಾಗ ಇನ್ನು ಮೇಲೆ ಯಾರನ್ನು ಕರೆಯಬೇಕು ಅಂತ ಗೊತ್ತಾಯ್ತು.

ಕ್ಲಾರುಸ್ ಅಂದ ತಕ್ಷಣ ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ ನೆನಪಾಯ್ತು. ಅದೂ ಇದೇ ಬೇರಿನದೇ, ಸ್ವಚ್ಛವಾದ ಸದ್ದಿನದು ಅಂತ. ಮದುವೆ ಮೆರವಣಿಗೆಯಲ್ಲಿ ಅದನ್ನು ಕೇಳಿದವರು ಒಪ್ಪುತ್ತಾರೋ ಇಲ್ಲವೋ.

---

ಗಾಂಧಿನಗರ ಗೇಟ್‌ಪಾಸ್

ನೀವೆಲ್ಲ ಲ್ಯಾಟಿನ್, ಐರಿಷ್ ಅಂತ ಹೋಗ್ತಿದ್ದೀರಿ. ನಮ್ಮ ದೇಶಕ್ಕೆ ಈ ಹೆಸರು ಬಂದ ದಾರಿ ಅದಲ್ಲ ಸ್ವಾಮಿ. ಸಿನಿಮಾ ದಾರಿ. ಮೊದಲು 1998ರ ‘ದಿ ಲಯನ್ ಕಿಂಗ್’ ಎರಡನೇ ಭಾಗ. ಅದರಲ್ಲಿ ಸಿಂಬಾನ ಮಗಳ ಹೆಸರು ಕಿಯಾರಾ. ಅದನ್ನು ನೋಡಿ ಬೆಳೆದ ಮಕ್ಕಳೇ ಈಗ ಅಪ್ಪ ಅಮ್ಮ ಆಗಿದ್ದಾರೆ. ಆಮೇಲೆ 2010ರಲ್ಲಿ ‘ಅಂಜಾನಾ ಅಂಜಾನಿ’. ಅದರಲ್ಲಿ ಪ್ರಿಯಾಂಕಾ ಚೋಪ್ರಾ ಪಾತ್ರದ ಹೆಸರು ಕಿಯಾರಾ.

ಅಲ್ಲಿಂದ ಹೆಸರು ತೆಗೆದುಕೊಂಡವರು ಕಿಯಾರಾ ಅಡ್ವಾಣಿ. ಹುಟ್ಟಿದಾಗ ಅವರ ಹೆಸರು ಆಲಿಯಾ. 2014ರಲ್ಲಿ ಅವರ ಮೊದಲ ಸಿನಿಮಾ ಬರುವ ಹೊತ್ತಿಗೆ ಆಲಿಯಾ ಭಟ್ ಆಗಲೇ ಮನೆಮಾತಾಗಿದ್ದರು. ಒಂದೇ ಊರಲ್ಲಿ ಇಬ್ಬರು ಆಲಿಯಾ ಯಾಕೆ ಅಂತ ಹೆಸರು ಬದಲಾಯಿತು. ಸಿನಿಮಾ ಪಾತ್ರದಿಂದ ನಟಿಗೆ, ನಟಿಯಿಂದ ತೊಟ್ಟಿಲಿಗೆ. ಇದರಲ್ಲಿ ಹೊಸದೇನೂ ಇಲ್ಲ. ಸಿನಿಮಾ ನೋಡಿ ಮಗುವಿಗೆ ಹೆಸರಿಟ್ಟವರು ಎಲ್ಲರ ನೆಂಟರಲ್ಲೂ ಇದ್ದಾರೆ, ಅಲ್ವಾ?

---

ಒಂದನೇ ಕ್ಲಾಸ್ ಮಿಸ್

ದಯವಿಟ್ಟು ನನ್ನ ಕಷ್ಟವನ್ನೂ ಕೇಳಿ. ನನ್ನ ಹಾಜರಿ ಪುಸ್ತಕದಲ್ಲಿ ಮೈರಾ, ಕೈರಾ, ಆಯ್ರಾ, ಸಮೈರಾ, ಕಿಯಾರಾ ಆರ್., ಕಿಯಾರಾ ಎಸ್. ಇದ್ದಾರೆ. ಹಿಂದಿನ ಬೆಂಚಿಗೆ ಕೇಳಿಸೋದು ಕೊನೆಯ ‘ರಾ’ ಮಾತ್ರ. ಒಬ್ಬಳನ್ನು ಕರೆದರೆ ಅರ್ಧ ಸಾಲು ಎದ್ದು ನಿಲ್ಲುತ್ತದೆ. ಹುಡುಗರದ್ದು ಬೇರೆ ರೀತಿ: ವಿಹಾನ್, ಕಿಯಾನ್, ರೆಯಾನ್, ಅಯಾನ್.

ಅಪ್ಪ ಅಮ್ಮಂದಿರು ಎಲ್ಲರೂ ಹೇಳೋದು ಒಂದೇ. “ಮಿಸ್, ಬೇರೆ ಯಾರಿಗೂ ಇರದ ಹೆಸರು ಹುಡುಕಿ ಇಟ್ಟಿದ್ದೇವೆ.” ನಾನು ತಲೆ ಆಡಿಸ್ತೀನಿ, ಇನ್ನೇನು ಮಾಡಲಿ? ನಮ್ಮ ಕಾಲದಲ್ಲಿ ಕ್ಲಾಸಿಗೆ ಮೂವರು ಲಕ್ಷ್ಮಿ, ನಾಲ್ವರು ಮಂಜುನಾಥ ಇದ್ದರು. ಅವರಲ್ಲಿ ಯಾರೂ ‘ಬೇರೆ ಯಾರಿಗೂ ಇರದ ಹೆಸರು’ ಅಂತ ಹೇಳಿಕೊಂಡಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕಿಯಾರಾ ಅಂತ ಕನ್ನಡದಲ್ಲಿ ಬರೆಯೋಕೆ ಮಕ್ಕಳು ಬೇಗ ಕಲೀತಾರೆ. ಒತ್ತಕ್ಷರ ಇಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬ ಮಗು ಇದೆ, ಹೆಸರಿನಲ್ಲಿ ಎರಡು ಒತ್ತಕ್ಷರ, ಮೇಲೊಂದು ಋ. ಪಾಪ, ಉಳಿದವರು ಊಟದ ಡಬ್ಬಿ ತೆಗೆದರೂ ಅವನಿನ್ನೂ ತನ್ನ ಹೆಸರೇ ಬರೀತಿರ್ತಾನೆ.

---

ಕನ್ನಡ ಮೊದಲು

ಎಲ್ಲ ಓದಿದೆ. ಒಂದೇ ಪ್ರಶ್ನೆ. ಕನ್ನಡದಲ್ಲಿ ಹೆಸರಿಗೆ ಬರ ಬಂದಿದೆಯಾ? ಇಂಚರ, ಇಬ್ಬನಿ, ಮಲ್ಲಿಗೆ, ಹೊನ್ನಮ್ಮ, ಚೆಲುವಿ, ಬೆಳಕು. ಅರ್ಥ ಹುಡುಕೋಕೆ ಇಟಲಿಗೆ ಹೋಗಬೇಕಾದ ಹೆಸರು ನಮ್ಮ ಮನೆಯ ಮಗುವಿಗೆ ಯಾಕೆ?

---

ಹುಬ್ಬಳ್ಳಿ ಅಕ್ಕ

ನಿಮ್ಮ ಅಭಿಮಾನಕ್ಕೆ ಕೈ ಮುಗಿದೆ. ಇಬ್ಬನಿ ನನಗೂ ಭಾಳ ಇಷ್ಟ. ಆದರೆ ಹೊರಗಿನ ಹೆಸರು ನಮ್ಮಲ್ಲಿ ಇರಲೇ ಇಲ್ಲ ಅಂತ ಮಾತ್ರ ಅನ್ನಬೇಡಿ. ನಮ್ಮ ಕಡೆ ಬನ್ನಿ. ಫಕೀರಪ್ಪ ಇದ್ದಾರೆ, ಹುಸೇನಪ್ಪ ಇದ್ದಾರೆ, ಪೀರಪ್ಪ ಇದ್ದಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಹೆಸರು ಫಕೀರಪ್ಪ! ಫಕೀರ ಅರಬ್ಬಿ ಮಾತು, ಅಪ್ಪ ಕನ್ನಡದ್ದು. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವೇ ಇದೆ. ಹಿಂದೂ, ಮುಸ್ಲಿಂ ಎರಡೂ ಕಡೆಯವರು ನಡೆದುಕೊಳ್ಳುವ ಮಠ. ಅಲ್ಲಿ ಹರಕೆ ಹೊತ್ತು ಹುಟ್ಟಿದ ಮಗ ಫಕೀರಪ್ಪ, ಮಗಳು ಫಕೀರವ್ವ. ಮೊಹರಂನಲ್ಲಿ ಅಲಾಯಿ ದೇವರಿಗೆ ಬೇಡಿಕೊಂಡು ಹುಟ್ಟಿದವನು ಹುಸೇನಪ್ಪ. ಇವು ನೂರಾರು ವರ್ಷದ ಹೆಸರುಗಳು. ಇವನ್ನು ಯಾರೂ ‘ಬಹುಸಂಸ್ಕೃತಿಯ ಹೆಸರು’ ಅಂತ ಕರೆದಿಲ್ಲ, ಸುಮ್ನೆ ಇಟ್ಟುಕೊಂಡು ಬಾಳಿದರು.

ಆ ಹೆಸರುಗಳಿಗೂ ಕಿಯಾರಾಗೂ ಒಂದು ವ್ಯತ್ಯಾಸ ಇದೆ, ಅದನ್ನೂ ಹೇಳಿಬಿಡ್ತೀನಿ. ಫಕೀರಪ್ಪನ ಹಿಂದೆ ಒಂದು ಮಠ ಇದೆ, ಒಂದು ಹರಕೆ ಇದೆ. ಊರಿಗೆಲ್ಲ ಗೊತ್ತು. ಕಿಯಾರಾ ಹಿಂದೆ ನಮ್ಮ ಊರಿನವರಿಗೆ ಗೊತ್ತಿರೋದು ಒಬ್ಬ ಸಿನಿಮಾ ನಟಿ ಮಾತ್ರ. ನಿಮ್ಮ ತಾಯಿ ‘ಅರ್ಥ ಏನು’ ಅಂತ ಕೇಳುವಾಗ ನಿಘಂಟಿನ ಅರ್ಥ ಕೇಳ್ತಿಲ್ಲ. ಯಾರ ನೆನಪಿಗೆ, ಯಾವ ದೇವರಿಗೆ ಅಂತ ಕೇಳ್ತಿದ್ದಾರೆ. ‘ಲ್ಯಾಟಿನ್ ಮೂಲ’ ಅಂದರೆ ಅದಕ್ಕೆ ಉತ್ತರ ಆಗಲ್ಲ.

---

ಬಿಡದಿ ತಟ್ಟೆ ಇಡ್ಲಿ

ಹೆಸರಿನ ಬಗ್ಗೆ ಧೈರ್ಯ ನೋಡಬೇಕು ಅಂದರೆ ನಮ್ಮ ಬಿಡದಿ ಹತ್ತಿರದ ಭದ್ರಾಪುರ ನೋಡಿ. ಹಕ್ಕಿಪಿಕ್ಕಿ ಜನರ ಊರು. ಅಲ್ಲಿ ಗೂಗಲ್, ಹೈಕೋರ್ಟ್, ಕಾಫಿ, ಮೈಸೂರು ಪಾಕ್ ಅಂತೆಲ್ಲ ಹೆಸರಿಟ್ಟುಕೊಂಡಿದ್ದಾರೆ. ಪತ್ರಿಕೆಯವರು ನಗೋಕೆ ಅಂತ ಹೋಗಿ ಬರೀತಾರೆ. ನನಗೆ ಅದರಲ್ಲಿ ನಗು ಕಾಣಲ್ಲ. ಇಷ್ಟ ಆದದ್ದು, ದೊಡ್ಡದು ಅನಿಸಿದ್ದು ಮಗುವಿನ ಹೆಸರಾಗಲಿ ಅನ್ನೋದಷ್ಟೇ. ಕಿಯಾರಾ ಇಡುವವರು ಮಾಡೋದೂ ಅದನ್ನೇ, ಸ್ವಲ್ಪ ನಯವಾಗಿ.

---

ಮೈಸೂರು ಮೇಷ್ಟ್ರು

ಮೇಲೆ ಮಿಸ್ ‘ಕಿಯಾನ್’ ಅಂತ ಬರೆದಿದ್ದು ಕಣ್ಣಿಗೆ ಬಿತ್ತು. ಅದು ಪಾರ್ಸಿ ಭಾಷೆಯಲ್ಲಿ ಇರಾನಿನ ಹಳೇ ಕಯಾನಿ ಅರಸರನ್ನು ನೆನಪಿಸುವ ಹೆಸರು. ಅರ್ಥದಲ್ಲಿ ತೊಂದರೆ ಇಲ್ಲ. ತಮಾಷೆ ಏನು ಅಂದರೆ ಅದು ಅಪ್ಪಟ ಸಂಸ್ಕೃತ ಪದವೂ ಹೌದು! ‘ಕಿಯತ್’ ಶಬ್ದದ ಪುಲ್ಲಿಂಗ, ಪ್ರಥಮಾ ವಿಭಕ್ತಿ, ಏಕವಚನ: ಕಿಯಾನ್. ಅರ್ಥ, ‘ಎಷ್ಟು?’ ಸಂಸ್ಕೃತ ಬಲ್ಲ ತಾತ ಮೊಮ್ಮಗನನ್ನು ಕೂಗಿದರೆ ತರಕಾರಿ ಅಂಗಡಿಯಲ್ಲಿ ನಿಂತ ಹಾಗೆ ಆಗುತ್ತದೆ.

---

ಡಬ್ಲಿನ್ ಕಿರಣ

ಮೇಷ್ಟ್ರೇ, ಆ ಹೆಸರೂ ಇಲ್ಲಿದೆ. ಐರಿಷ್‌ನಲ್ಲಿ ‘ಕಿಯನ್’ ಅಂದರೆ ಪುರಾತನ. ಪಾರ್ಸಿಯಲ್ಲಿ ಅರಸ, ಐರಿಷ್‌ನಲ್ಲಿ ಮುದುಕ, ಸಂಸ್ಕೃತದಲ್ಲಿ ಎಷ್ಟು. ಆ ಮಗುವಿನ ಅಜ್ಜಿ ಕೇಳಿದರೆ ಯಾವುದನ್ನು ಹೇಳೋದು?

---

ಸೀಲು ಸಹಿ

ಜನನ ನೋಂದಣಿ ಕೆಲಸದಲ್ಲಿ ಇರುವವನು ನಾನು. ಅರ್ಥದ ಗೊಡವೆ ನನಗಿಲ್ಲ, ಕಾಗುಣಿತದ್ದು ಇದೆ. ಕೆಲವು ಮಾತು ಗಮನಿಸಿ.

ಹೆಸರಿಗಾಗಿ ಅವಸರ ಬೇಡ. ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 1969ರ ಕಾಯ್ದೆಯ 14ನೇ ಕಲಮು ಇರೋದೇ ಅದಕ್ಕೆ. ಹೆಸರನ್ನು 12 ತಿಂಗಳ ಒಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ ಇದೆ. ಒಂದು ಸಲ ಸೇರಿಸಿದ ಹೆಸರನ್ನು ಬದಲಾಯಿಸೋದು ಮಾತ್ರ ದೊಡ್ಡ ತಲೆನೋವು. ಅದಕ್ಕೇ ಮನೆಯಲ್ಲಿ ಜಗಳ ಮುಗಿಸಿಕೊಂಡೇ ಬನ್ನಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಹುಣಸೂರಿನಲ್ಲಿ ಗಂಡ ಹೆಂಡತಿ ಮಗನ ಹೆಸರಿಗೇ ಜಗಳ ಆಡಿಕೊಂಡು ವರ್ಷಗಟ್ಟಲೆ ದೂರ ಇದ್ದರು. 2024ರ ಕೊನೆಗೆ ಕೋರ್ಟಿನಲ್ಲೇ ನ್ಯಾಯಾಧೀಶರು ಹೆಸರಿಟ್ಟು, ಇಬ್ಬರಿಗೂ ಹಾರ ಬದಲಾಯಿಸಿ ಕಳಿಸಬೇಕಾಯ್ತು.

ಇನ್ನು ಕಾಗುಣಿತ. ಕನ್ನಡದಲ್ಲಿ ಕಿಯಾರಾ, ಕಿಯಾರ, ಕಿಯರಾ, ಕೀಯಾರಾ ಎಲ್ಲ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಇನ್ನೂ ಜಾಸ್ತಿ. ನಡುವೆ ವೈ ಇದೆಯಾ ಇಲ್ಲವಾ, ಕೊನೆಗೆ ಎಚ್ ಇದೆಯಾ ಅಂತ ಮೊದಲೇ ತೀರ್ಮಾನಿಸಿ, ಚೀಟಿಯಲ್ಲಿ ಬರೆದು ತನ್ನಿ. ಬಾಯಲ್ಲಿ ಹೇಳಬೇಡಿ. ಕಂಪ್ಯೂಟರ್ ಮುಂದೆ ಕೂತವರು ಕೇಳಿಸಿಕೊಂಡಂತೆ ಹೊಡೀತಾರೆ. ಆಮೇಲೆ ಆಧಾರ್, ಶಾಲೆ, ಪಾಸ್‌ಪೋರ್ಟ್ ಎಲ್ಲ ಕಡೆ ಅದೇ ತಪ್ಪು ಹಿಂಬಾಲಿಸುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ.

---

ಟ್ಯೂರಿನ್‌ನಲ್ಲಿ ದೋಸೆ

ಸೀಲು ಸಹಿ ಅವರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ‘ಮೂಲ ಇಟಾಲಿಯನ್’ ಅಂತ ಸಿ ಎಚ್ ಹಾಕಿ ಬರೆಯೋಕೆ ಹೋಗಬೇಡಿ. ಬೆಂಗಳೂರಿನಲ್ಲಿ ಎಲ್ಲರೂ ‘ಚಿಯಾರಾ’ ಅಂತ ಓದ್ತಾರೆ. ಹುಡುಗಿ ಜೀವನಪೂರ್ತಿ ಚಿಯಾ ಬೀಜ ಆಗ್ತಾಳೆ.

---

ಅರ್ಧ ಚಹಾ

ಕೆ ಹಾಕಿದರೆ ಮಾತ್ರ ಬಿಟ್ಟಾರಾ? ಶಾಲೆಯಲ್ಲಿ ‘ಕಿಯಾ’ ಅಂತ ಕರೀತಾರೆ. ಪೆನುಕೊಂಡದ ಕಿಯಾ ಕಾರಿನ ಕಾರ್ಖಾನೆ ನಮ್ಮ ಗಡಿಯಿಂದ ಕೂಗಳತೆಯಲ್ಲೇ ಇದೆ. ‘ನಿಮ್ಮಪ್ಪ ಕಾರು ತಗೊಳ್ಳೋಕೆ ಆಗದೆ ನಿನಗೆ ಹೆಸರಿಟ್ಟರಾ’ ಅಂತ ಒಬ್ಬನಾದರೂ ಕೇಳ್ತಾನೆ. ಮೊದಲೇ ಒಂದು ಉತ್ತರ ಕಲಿಸಿಟ್ಟುಕೊಳ್ಳಿ.

---

ಮಲೆನಾಡ ಸೊಸೆ

ಇಷ್ಟೆಲ್ಲ ಚರ್ಚೆ ಯಾಕೆ? ನಾಮಕರಣದಲ್ಲಿ ಒಂದೇ ಹೆಸರು ಇಡಬೇಕು ಅಂತ ಯಾರು ಹೇಳಿದರು? ನಮ್ಮ ಮನೆಯಲ್ಲಿ ಹರಿವಾಣದಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಲ್ಲಿ ನಾಲ್ಕು ಹೆಸರು ಬರೆಸಿದರು. ಕುಲದೇವರ ಹೆಸರು, ಹುಟ್ಟಿದ ಮಾಸದ ಹೆಸರು, ನಕ್ಷತ್ರದ ಹೆಸರು, ಕೊನೆಗೆ ವ್ಯವಹಾರದ ಹೆಸರು. ನಾಲ್ಕನ್ನೂ ಕಿವಿಯಲ್ಲಿ ಹೇಳಿದರು. ಸರ್ಕಾರಕ್ಕೆ ಹೋಗೋದು ನಾಲ್ಕನೆಯದು ಮಾತ್ರ.

ನನ್ನ ಮಗಳ ವ್ಯವಹಾರದ ಹೆಸರು ಸಣ್ಣದು, ಎಲ್ಲ ದೇಶದವರ ನಾಲಿಗೆಗೂ ಸಿಗುವಂಥದ್ದು. ದೇವರ ಹೆಸರಿಗೆ ನಮ್ಮತ್ತೆಯ ತಾಯಿಯ ಹೆಸರೇ ಬಂತು, ಏಕೆಂದರೆ ಅವರಿಗೆ ಇಟ್ಟಿದ್ದು ಕುಲದೇವರ ಹೆಸರೇ. ಇವತ್ತಿಗೂ ಅತ್ತೆ ಅವಳನ್ನು ಆ ಹೆಸರಿನಲ್ಲೇ ಕೂಗ್ತಾರೆ. ಮಗು ಎರಡಕ್ಕೂ ಓಗೊಡುತ್ತದೆ.

---

ತೊಟ್ಟಿಲ ಗಲಾಟೆ

ಎಲ್ಲರಿಗೂ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಇಡೀ ಚರ್ಚೆಯನ್ನು ಅಮ್ಮನಿಗೆ ಓದಿದೆ. ಹುಬ್ಬಳ್ಳಿ ಅಕ್ಕ ಬರೆದ ‘ಯಾರ ನೆನಪಿಗೆ’ ಅನ್ನುವ ಸಾಲಿಗೆ ಬಂದಾಗ ಅಮ್ಮ “ನೋಡು, ಆಯಮ್ಮನಿಗೆ ಗೊತ್ತಾಯ್ತು, ನಿನಗೆ ಗೊತ್ತಾಗಲಿಲ್ಲ” ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು ನಮ್ಮಜ್ಜಿಯ ಹೆಸರಂತೆ. ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೇ.

ಈಗ ತೀರ್ಮಾನ ಹೀಗಿದೆ. ಅಕ್ಕಿಯ ಮೇಲೆ ಮೊದಲು ಅಜ್ಜಿಯ ಹೆಸರು, ಕೊನೆಗೆ ಕಿಯಾರಾ. ಅರ್ಥ ಕೇಳಿದವರಿಗೆ ‘ತಿಳಿಯಾದ ಬೆಳಕು, ಇಟಾಲಿಯನ್’ ಅಂತ ಹೇಳ್ತೇವೆ. ಡಬ್ಲಿನ್‌ಗೆ ಹೋದರೆ ಕಪ್ಪು ಚೆಲುವೆ. ಸಂಸ್ಕೃತ ಅಂತ ಮಾತ್ರ ಹೇಳಲ್ಲ ಮೇಷ್ಟ್ರೇ. ಟೀವಿಯ ಸಂತೆಯ ವಿಷಯ ಅಮ್ಮನಿಗೆ ಬಹಳ ಹಿಡಿಸಿದೆ. “ಹಾಗಿದ್ದರೆ ಸೀರಿಯಲ್ ಟೈಮಿಗೆ ಮಗು ಅಳಲ್ಲ ಬಿಡು” ಅಂತಿದ್ದಾರೆ. ಅವರ ಬಾಯಲ್ಲಿ ಹೆಸರು ಈಗಾಗಲೇ ‘ಕೀರಾ’ ಆಗಿದೆ.

---

ಡಬ್ಲಿನ್ ಕಿರಣ

ನಿಮ್ಮಮ್ಮ ಶುದ್ಧ ಐರಿಷ್ ಉಚ್ಚಾರ ಮಾಡ್ತಿದ್ದಾರೆ. ಮುಟ್ಟಬೇಡಿ.

---

ಮೈಸೂರು ಮೇಷ್ಟ್ರು

ಶುದ್ಧ ಸಂಸ್ಕೃತವೂ ಆಯ್ತು. ‘ಕೀರ’ ಅಂದರೆ ಗಿಳಿ. ಹಳೇ ಕಾವ್ಯಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕೊನೆಗೂ ಮೊಮ್ಮಗಳಿಗೆ ಸಂಸ್ಕೃತದ ಹೆಸರು ಕೊಟ್ಟವರು ಅಜ್ಜಿಯೇ.

---

ಹೊಸಬ ಹಾಸನ

ಈ ಚರ್ಚೆ ನೋಡಿ ಖಾತೆ ತೆರೆದೆ. ನಮಗೆ ಗಂಡು ಮಗು, ಆರಿದ್ರಾ ಮೂರನೇ ಪಾದ. ಪಂಚಾಂಗದಲ್ಲಿ ಬಂದಿರುವ ಅಕ್ಷರ ‘ಙ’. ದಯವಿಟ್ಟು ಯಾರಾದರೂ ಒಂದು ಹೆಸರು ಹೇಳಿ.

---

ಮಲೆನಾಡ ಸೊಸೆ

ನಮ್ಮ ಮೈದುನನದ್ದೂ ಅದೇ ಪಾದ. ಪುರೋಹಿತರು ‘ಙ’ ಬಿಟ್ಟು ‘ಗ’ ತೆಗೆದುಕೊಳ್ಳಿ ಅಂದರು, ಗಣೇಶ ಅಂತ ಇಟ್ಟರು. ಮೇಷ್ಟ್ರು ಬರುವ ತನಕ ಕಾಯಿರಿ, ಅವರ ಹತ್ತಿರ ಇನ್ನೇನಾದರೂ ಇದ್ದೀತು.